ಆಲ್ಟರ್ನೇರಿಯಾ ಹೌದು, ಆದರೆ ಯಾವುದು?

ಟೊಮೆಟೊ ಎಲೆಚುಕ್ಕೆಯ ಗುಟ್ಟು ಕೊನೆಗೂ ಬಯಲಾಯಿತು. ರೋಗದ ಎಲೆಯನ್ನು ಒದ್ದೆ ಟಿಶ್ಯೂ ಹಾಕಿದ ಡಬ್ಬಿಯಲ್ಲಿಟ್ಟು ಬೂಷ್ಟು ಬೆಳೆಯಲು ಬಿಡುವುದು, ಅದನ್ನು ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡುವುದು ಮಾಮೂಲಿ ಕೆಲಸ. ಅದನ್ನು ಬಿಡೋಣ.

ತಲೆನೋವು ಶುರುವಾಗಿದ್ದು ಆಮೇಲೆ. ಡಬ್ಬಿಯಿಂದ ಯಾವ ಎಲೆ ತೆಗೆದರೂ ಕಪ್ಪು ಬೂಷ್ಟು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆಲ್ಟರ್ನೇರಿಯಾ ಅನ್ನುವ ಬೂಷ್ಟಿನ ಕುಲ. ಟೊಮೆಟೊದಲ್ಲಿ ಅದು ಸಿಕ್ಕರೆ ಅರ್ಲಿ ಬ್ಲೈಟ್ ಎಂಬ ಎಲೆಚುಕ್ಕೆ ರೋಗ ಅನ್ನೋಣ ಅಂದರೆ, ಗುಲಾಬಿ ಎಲೆಯಲ್ಲೂ ಅದೇ, ದಾಸವಾಳದ ಒಣ ಎಲೆಯಲ್ಲೂ ಅದೇ! ಸತ್ತ ಎಲೆ ಕಂಡಲ್ಲೆಲ್ಲ ಬೆಳೆಯುವ ಪುಣ್ಯಾತ್ಮ ಇದು. ಸ್ಪೋರ್ (ಬೂಷ್ಟಿನ ಬೀಜದಂಥ ಕಣ) ಸಿಕ್ಕಿತು ಅಂದ ಮಾತ್ರಕ್ಕೆ ರೋಗ ಸಿಕ್ಕಿತು ಅಂತಲ್ಲ.

ವ್ಯತ್ಯಾಸ ಇರುವುದು ಕೊಕ್ಕಿನಲ್ಲಿ, ಅಂದರೆ ಸ್ಪೋರಿನ ತುದಿಯಲ್ಲಿ ಚಾಚಿಕೊಂಡ ಸಣ್ಣ ಭಾಗದಲ್ಲಿ. ಅರ್ಲಿ ಬ್ಲೈಟ್ ತರುವ ಜಾತಿಯ ಸ್ಪೋರ್ ಒಂಟಿ. ಅದರ ಕೊಕ್ಕು ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಜಾಸ್ತಿ. ಕಂಡಕಂಡಲ್ಲಿ ಬೆಳೆಯುವ ಇನ್ನೊಂದು ಜಾತಿ ಆಲ್ಟರ್ನೇಟಾಕ್ಕೆ ಗಿಡ್ಡ ಕೊಕ್ಕು, ಸ್ಪೋರ್‌ಗಳು ಸರಪಳಿಯಾಗಿ ನಿಲ್ಲುತ್ತವೆ. ಆದರೆ ನೀರಿನ ಹನಿ ಹಾಕಿ ಮೇಲೆ ತೆಳು ಗಾಜಿನ ಕವರ್ ಸ್ಲಿಪ್ ಇಟ್ಟ ತಕ್ಷಣ ಸರಪಳಿ ಚೂರುಚೂರು, ಎಲ್ಲವೂ ಒಂಟಿಯೇ! (ಕವರ್ ಸ್ಲಿಪ್ ಮಾತು ಎತ್ತಲೇಬೇಡಿ. ಬಂದ ಪೊಟ್ಟಣದಲ್ಲಿ ಅರ್ಧ ಪುಡಿ, ಇನ್ನರ್ಧ ಒಂದಕ್ಕೊಂದು ಅಂಟಿಕೊಂಡಿವೆ. ದೂರು ಕೊಟ್ಟರೆ "ಗಾಜು ಅಲ್ವಾ, ಒಡೆಯುತ್ತೆ" ಅಂತ ಉತ್ತರ.)

ಸಿಟ್ಟಿಗೆ ನೀರನ್ನೂ ಬಿಟ್ಟೆ, ಸ್ಲಿಪ್ಪನ್ನೂ ಬಿಟ್ಟೆ. ಎಲೆಯ ತುಣುಕನ್ನು ಹಾಗೇ ಇಟ್ಟು, ಪಕ್ಕದಿಂದ ಟಾರ್ಚ್ ಹಿಡಿದು ಮೈಕ್ರೋಸ್ಕೋಪಿನ 10ಎಕ್ಸ್ ಲೆನ್ಸಿನಲ್ಲಿ ನೋಡಿದೆ. ಚುಕ್ಕೆಯ ಅಂಚಿನುದ್ದಕ್ಕೂ ಕಂದು ಸರಪಳಿಗಳು, ಕೆಲವು ಕವಲೊಡೆದು ನಿಂತಿದ್ದವು. ಆಲ್ಟರ್ನೇಟಾ! ಕರೆಯದೇ ಊಟಕ್ಕೆ ಬಂದ ನೆಂಟನ ಹಾಗೆ.

ಹಾಗಾದರೆ ಚುಕ್ಕೆ ಮಾಡಿದ್ದು ಯಾರು? ಡಬ್ಬಿಗೆ ಹೋಗದ ಹಸಿ ಎಲೆ ಕಿತ್ತು ತಂದೆ. ಚಿಕ್ಕ ಚುಕ್ಕೆಗಳು, ನಡುವೆ ಬೂದು, ಅಂಚು ಕಡುಕಂದು. ಅರ್ಲಿ ಬ್ಲೈಟಿನ ಉಂಗುರದೊಳಗಿನ ಉಂಗುರ ಎಲ್ಲೂ ಇಲ್ಲ. ಬೂದು ಭಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು ಕಾಳುಗಳಿದ್ದವು. ಒಂದನ್ನು ನೀರಿನಲ್ಲಿ ಒತ್ತಿದರೆ ಬಣ್ಣವಿಲ್ಲದ ಎಳೆಯಂಥ ಸ್ಪೋರ್‌ಗಳು ಗುಂಪುಗುಂಪಾಗಿ ಹೊರಬಂದವು. ಉದ್ದ 50 ಮೈಕ್ರಾನ್‌ಗೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಜಾಸ್ತಿ, ದಪ್ಪ ಮಾತ್ರ 2-3. ಸೆಪ್ಟೋರಿಯಾ ಅನ್ನುವ ಬೇರೆಯೇ ಬೂಷ್ಟು! ಹೆಚ್ಚಾಗಿ ನೀರು ಸಿಡಿದು ಹರಡುವ ರೋಗ, ಹಾಗಾಗಿ ಕೆಳಗಿನ ಎಲೆಗಳನ್ನೆಲ್ಲ ತೆಗೆದೆ. ಇನ್ನು ನೀರು ಬುಡಕ್ಕೆ ಮಾತ್ರ.

ಅತ್ತ ಸೌತೆ ಎಲೆಯ ಬೂದಿ ರೋಗವನ್ನು ಹಳದಿ ಲೇಡಿಬರ್ಡ್ ದುಂಬಿಯ ಮರಿಗಳು ಮೇಯುತ್ತಿವೆ. ಇಲ್ಲೀಯಿಸ್ ಕುಲದವು, ಬೇರೆ ಲೇಡಿಬರ್ಡ್‌ಗಳ ಹಾಗೆ ಗಿಡದ ಹೇನಿನ ಗೊಡವೆಗೇ ಹೋಗುವುದಿಲ್ಲ, ಬೂಷ್ಟೇ ಊಟ. ಮುಂದಿನ ಕೆಲಸ ಅದೇ: ಒಂದು ಎಲೆಗೆ ಬಲೆಚೀಲ ಕಟ್ಟಿ, ಪಕ್ಕದ್ದನ್ನು ಅವಕ್ಕೆ ಬಿಟ್ಟು, ದಿನಾ ಫೋಟೊ ತೆಗೆಯುವುದು. ತಿನ್ನುತ್ತಾ ತಿನ್ನುತ್ತಾ ಕಾಲಿಗೆ ಸ್ಪೋರ್ ಅಂಟಿಸಿಕೊಂಡು ಪಕ್ಕದ ಗಿಡಕ್ಕೂ ಹಂಚುತ್ತವಾ ಅಂತಲೂ ನೋಡಬೇಕು.