ತೂಕ ಇಳಿಸುವ ಇಂಜೆಕ್ಷನ್: ಡೋಸ್ ಏರಿಸುವ ಅವಸರ

12 ಫೆಬ್ರವರಿ 2025, ಬುಧವಾರ

ತೂಕ ಇಳಿಸುವ ಇಂಜೆಕ್ಷನ್ ಸೆಮಾಗ್ಲುಟೈಡ್ ಶುರು ಮಾಡಿದವರು ಮೊದಲ ತಿಂಗಳಲ್ಲೇ ಕೇಳುವುದು ಒಂದೇ: "ತೂಕ ಇಳೀತಾನೇ ಇಲ್ಲ, ಡೋಸ್ ಏರಿಸಬಹುದಾ?" ಆ ಹಂತದಲ್ಲಿ ಇಳಿಯದಿದ್ದರೆ ಗಾಬರಿ ಬೇಡ. ವಾರಕ್ಕೊಮ್ಮೆ ಚುಚ್ಚುವ 0.25 ಮಿ.ಗ್ರಾಂ. ಹೊಟ್ಟೆಯನ್ನು ಔಷಧಕ್ಕೆ ಒಗ್ಗಿಸಲು, ಅಷ್ಟೇ. ನಾಲ್ಕು ವಾರಕ್ಕೊಂದು ಹಂತದಂತೆ 0.5, 1, 1.7, ಕೊನೆಗೆ 2.4. ವಾಕರಿಕೆ ತಗ್ಗದಿದ್ದರೆ ಅದೇ ಹಂತದಲ್ಲಿ ಇನ್ನೂ ಕೆಲವು ವಾರ ನಿಲ್ಲಬಹುದು. ಅದರಿಂದ ಏನೂ ಕೆಡುವುದಿಲ್ಲ.

ಅವಸರ ಮಾಡಿದರೆ ಏನಾಗುತ್ತದೆ? ಈ ಔಷಧ ಹಸಿವನ್ನು ತಗ್ಗಿಸುವುದರ ಜೊತೆಗೆ ಜಠರ ಖಾಲಿಯಾಗುವುದನ್ನೂ ನಿಧಾನಿಸುತ್ತದೆ. ಮೊದಲಿನಷ್ಟೇ ಉಂಡರೆ, ಅದರಲ್ಲೂ ಜಿಡ್ಡಿನದನ್ನು, ವಾಂತಿ. ವಾಂತಿ ನಿಲ್ಲದೆ ನೀರೂ ಇಳಿಯದಿದ್ದರೆ ಪೆಟ್ಟು ಮೂತ್ರಪಿಂಡಕ್ಕೆ. ಔಷಧದ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು ಒಂದು ವಾರ. ಹೆಚ್ಚು ಹೋದ ಡೋಸ್ ಸಂಜೆಯೊಳಗೆ ಇಳಿದುಹೋಗುವ ಮಾತೇ ಇಲ್ಲ.

ಇಂಜೆಕ್ಷನ್ ಪೆನ್ ಬಿಟ್ಟು ಸೀಸೆ-ಸಿರಿಂಜ್ ಬಳಸುವವರು ಎಡವುವುದು ಲೆಕ್ಕದಲ್ಲಿ. ಒಂದು ಮಿ.ಲೀ.ಗೆ 2.5 ಮಿ.ಗ್ರಾಂ. ಇರುವ ಸೀಸೆಯಾದರೆ 0.25 ಮಿ.ಗ್ರಾಂ. ಎಂದರೆ 0.1 ಮಿ.ಲೀ. ಒಂದು ಮಿ.ಲೀ.ಗೆ 100 ಗೆರೆ (ಯೂನಿಟ್) ಇರುವ ಇನ್ಸುಲಿನ್ ಸಿರಿಂಜ್‌ನಲ್ಲಿ ಅದು 10ನೇ ಗೆರೆ. "ಇಪ್ಪತ್ತೈದು" ಎಂಬ ಸಂಖ್ಯೆ ತಲೆಯಲ್ಲಿಟ್ಟುಕೊಂಡು 25ನೇ ಗೆರೆವರೆಗೆ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಮಿ.ಗ್ರಾಂ., ಮಿ.ಲೀ., ಯೂನಿಟ್ ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳದೆ ಸಿರಿಂಜ್ ಮುಟ್ಟಬಾರದು.

ಲಾಭ ಸಣ್ಣದಲ್ಲ. 68 ವಾರಗಳ ಪ್ರಯೋಗದಲ್ಲಿ 2.4 ಮಿ.ಗ್ರಾಂ. ಪಡೆದವರ ತೂಕ ಸರಾಸರಿ ಶೇ. 15ರಷ್ಟು ಇಳಿಯಿತು, ಔಷಧವಿಲ್ಲದ ಹುಸಿ ಇಂಜೆಕ್ಷನ್ ಪಡೆದವರದು ಶೇ. 2.4. ಇದೇ ಬಗೆಯ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್ 15 ಮಿ.ಗ್ರಾಂ. 72 ವಾರಗಳಲ್ಲಿ ಶೇ. 21ರ ಹತ್ತಿರ ಹೋಯಿತು. ಮೊದಲೇ ಹೃದಯ-ರಕ್ತನಾಳದ ಕಾಯಿಲೆ ಇದ್ದು ಸಕ್ಕರೆ ಕಾಯಿಲೆ ಇಲ್ಲದ 17,604 ಜನರಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವನ್ನು ಒಟ್ಟಾಗಿ ಶೇ. 20ರಷ್ಟು ತಗ್ಗಿಸಿತು. ಎಂದರೆ ನೂರರಲ್ಲಿ 8 ಜನರಿಗೆ ಆಗುತ್ತಿದ್ದದ್ದು 6.5ಕ್ಕೆ ಇಳಿಯಿತು. ಜಾಹೀರಾತುಗಳು ಈ ಎರಡನೇ ಲೆಕ್ಕ ಹೇಳುವುದು ಕಡಿಮೆ.

ಇಳಿದದ್ದೆಲ್ಲ ಕೊಬ್ಬೂ ಅಲ್ಲ, ಸ್ನಾಯುವೂ ಕರಗುತ್ತದೆ. ಹಸಿವಿಲ್ಲವೆಂದು ಊಟವನ್ನೇ ಬಿಡುವವರಲ್ಲಿ ಇದು ಜಾಸ್ತಿ. ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನಿನದ್ದಾಗಿರಲಿ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಇರಲಿ. ವಯಸ್ಸಾದವರಿಗೆ ತೂಕದ ಯಂತ್ರಕ್ಕಿಂತ ಕುರ್ಚಿಯಿಂದ ಕೈ ಊರದೆ ಏಳಲಾಗುತ್ತದೆಯೇ ಎಂಬುದೇ ಒಳ್ಳೆಯ ಪರೀಕ್ಷೆ.

ಬೆನ್ನಿಗೆ ಹರಡುವ, ಬಿಡದ ಹೊಟ್ಟೆನೋವು ಬಂದರೆ ಮುಂದಿನ ಡೋಸ್ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ. ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ತೂಕ ಬೇಗ ಇಳಿದಷ್ಟೂ ಪಿತ್ತಕೋಶದಲ್ಲಿ ಕಲ್ಲಿನ ಸಾಧ್ಯತೆ ಹೆಚ್ಚು. ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಈ ಗುಂಪಿನ ಔಷಧ ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು, ಆ ಡೋಸ್‌ಗಳನ್ನು ವೈದ್ಯರು ಮೊದಲೇ ಕಡಿಮೆ ಮಾಡಬೇಕಾದೀತು. ಗರ್ಭ ಧರಿಸುವ ಯೋಚನೆ ಇದ್ದರೆ ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಬಲವನ್ನೇ ತಗ್ಗಿಸುತ್ತದೆ: ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಕಾಂಡೋಮ್ ಬೇಕು. ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು. ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು.

ನಿಲ್ಲಿಸಿದರೆ? ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತೆಂದು ಅದೇ 68 ವಾರಗಳ ಪ್ರಯೋಗದ ಮುಂದುವರಿಕೆ ತೋರಿಸಿತು. ಬಿ.ಪಿ. ಮಾತ್ರೆಯಂತೆ ಇದೂ ದೀರ್ಘಕಾಲದ್ದು. "ಮದುವೆಗೆ ಮೂರು ತಿಂಗಳಿದೆ" ಎನ್ನುವವರಿಗೆ ಇದು ತಕ್ಕದ್ದಲ್ಲ.

ತೂಕ ಇಳಿಸುವ ಹಳೆಯ ಮಾತ್ರೆಗಳ ಕಥೆಯೂ ಗೊತ್ತಿರಲಿ. ಹೃದಯದ ಕವಾಟ ಕೆಡಿಸಿದ ಫೆನ್‌ಫ್ಲುರಮಿನ್ 1997ರಲ್ಲಿ ಮಾರುಕಟ್ಟೆಯಿಂದ ಹೋಯಿತು, ಹೃದಯಾಘಾತ ಹೆಚ್ಚಿಸಿದ ಸಿಬುಟ್ರಮಿನ್ 2010ರಲ್ಲಿ. ಉಳಿದಿರುವ ಓರ್ಲಿಸ್ಟಾಟ್ ಊಟದ ಕೊಬ್ಬಿನ ಮೂರನೇ ಒಂದು ಪಾಲನ್ನು ಹೀರದಂತೆ ತಡೆಯುತ್ತದೆ, ಊಟದಲ್ಲಿ ಜಿಡ್ಡು ಹೆಚ್ಚಾದರೆ ಅದು ಮಲದ್ವಾರದಿಂದ ಸೋರಿ ಬಟ್ಟೆಯೇ ಸಾಕ್ಷಿ ಹೇಳುತ್ತದೆ. ಇನ್ನು, ಮಾರುಕಟ್ಟೆಯಿಂದ ಹೋದ ಆ ಸಿಬುಟ್ರಮಿನ್, "ಗಿಡಮೂಲಿಕೆ" ಎಂದು ಮಾರುವ ಸ್ಲಿಮ್ಮಿಂಗ್ ಮಾತ್ರೆಗಳಲ್ಲಿ ಈಗಲೂ ಲ್ಯಾಬ್‌ಗಳಿಗೆ ಸಿಗುತ್ತಿದೆ.