ಚಪ್ಪಲಿ ಜಾರುತ್ತೆ ಅಂದಾಗ ನಾನು ನಕ್ಕಿದ್ದೆ

ತುಮಕೂರಿನಲ್ಲಿ ಫಿಸಿಯೋಥೆರಪಿ ಕೆಲಸಕ್ಕೆ ಸೇರಿ ಆಗ ಎರಡು ವರ್ಷ. ತಿಪಟೂರು ಕಡೆಯ ಒಬ್ಬ ಅಜ್ಜ ಬರುತ್ತಿದ್ದರು. ವರ್ಷಗಟ್ಟಲೆ ತೆಂಗಿನಕಾಯಿ ಸುಲಿದ ಮೈ. ಸೊಂಟದಿಂದ ಬಲಗಾಲಿನ ಹೆಬ್ಬೆರಳ ತನಕ ಕರೆಂಟ್ ಹೊಡೆದ ಹಾಗೆ ನೋವು. ಸೊಂಟದ 4 ಮತ್ತು 5ನೇ ಮೂಳೆ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರ ಒತ್ತಿದೆ ಅಂತ ಎಂಆರ್‌ಐ ರಿಪೋರ್ಟಿನಲ್ಲಿತ್ತು.

ಇಂಥವರಲ್ಲಿ ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆ ಆಗುತ್ತದೆ. ಅಜ್ಜನಿಗೂ ಅದನ್ನೇ ಹೇಳಿದ್ದೆ.

ಮೂರನೇ ವಾರ ಅಜ್ಜ ನಗುತ್ತಾ ಬಂದರು. "ನೋವು ಅರ್ಧಕ್ಕರ್ಧ ಹೋಯ್ತು ಕಣವ್ವ. ಈ ಹಾಳು ಚಪ್ಪಲಿ ಮಾತ್ರ ಕಾಲಲ್ಲಿ ನಿಲ್ತಿಲ್ಲ. ಎಲ್ಲಿ ಜಾರೋಯ್ತು ಅಂತಾನೂ ಗೊತ್ತಾಗಲ್ಲ."

"ಹೊಸದು ತಗೊಳ್ಳಿ ಅಜ್ಜ" ಅಂದೆ. ಇಬ್ಬರೂ ನಕ್ಕೆವು. ಕಾರ್ಡಿನಲ್ಲಿ ನೋವು ಹತ್ತಕ್ಕೆ 8ರಿಂದ 4ಕ್ಕೆ ಇಳಿದಿದೆ ಅಂತ ಬರೆದೆ.

ಅವರು ಹೊರಗೆ ಹೋಗುವಾಗ ನೆಲದ ಮೇಲೆ ಬಲಗಾಲು ಟಪ್, ಟಪ್ ಅಂತ ಬಡಿಯುತ್ತಿತ್ತು. ಪಕ್ಕದ ಟೇಬಲ್ಲಿನ ನಮ್ಮ ಸೀನಿಯರ್‌ಗೆ ಅದು ಕೇಳಿಸಿತು, ನನಗಿಲ್ಲ. ಅಜ್ಜನನ್ನು ವಾಪಸ್ ಕರೆದು, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಎಡಗಾಲಿನ ಮುಂಗಾಲು ಎದ್ದಿತು. ಬಲಗಾಲಿನದು ಒದ್ದೆ ಬಟ್ಟೆ ಥರ ಜೋತುಬಿತ್ತು. ಹೆಬ್ಬೆರಳ ಮೇಲೆ ನನ್ನ ಒಂದೇ ಬೆರಳು ಇಟ್ಟೆ, ಅದನ್ನೂ ಎತ್ತಲು ಅವರಿಗೆ ಆಗಲಿಲ್ಲ.

ಒತ್ತಿದ ನರ ಚೇತರಿಸಿಕೊಂಡಾಗ ನೋವು ಇಳಿಯುತ್ತದೆ. ಒತ್ತಡಕ್ಕೆ ಸೋತು ಕೆಲಸ ನಿಲ್ಲಿಸಿದಾಗಲೂ ಇಳಿಯುತ್ತದೆ! ನಾನು ನೋವಿನ ನಂಬರ್ ಕೇಳಿದ್ದೆ, ಕಾಲಿನ ಶಕ್ತಿ ನೋಡಿರಲಿಲ್ಲ. ಐದು ನಿಮಿಷದ ಕೆಲಸ ಅದು, ಅಲ್ವಾ?

ಅವತ್ತೇ ಸರ್ಜನ್‌ಗೆ ಫೋನ್ ಮಾಡಿದೆವು. ಮನೆಯವರಿಗೆ ಭಯ. ಬೆನ್ನಿಗೆ ಕತ್ತರಿ ಹಾಕಿದರೆ ಕಾಲೇ ಹೋಗುತ್ತೆ ಅಂತ ಊರಲ್ಲಿ ಯಾರೋ ಹೇಳಿದ್ದರಂತೆ. ಇಲ್ಲಿ ಕಾಲು ಹೋಗುತ್ತಿದ್ದದ್ದು ಕಾದು ಕೂತಿದ್ದಕ್ಕೆ. ಮೈಕ್ರೊಡಿಸ್ಕೆಕ್ಟಮಿ ಮಾಡಿದರು. ಬೆನ್ನಲ್ಲಿ ಸುಮಾರು ಒಂದಿಂಚಿನ ಗಾಯ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಮೂಳೆಯ ಅಂಚನ್ನು ಸ್ವಲ್ಪ ಕೆರೆದು, ನರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹೊರಗೆ ಬಂದ ಡಿಸ್ಕಿನ ಚೂರನ್ನಷ್ಟೇ ತೆಗೆಯುತ್ತಾರೆ. ಇಡೀ ಡಿಸ್ಕ್ ಕೀಳುವುದಿಲ್ಲ. ಆ ಚೂರನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ತೋರಿಸಿದ್ದರು. ಎಳನೀರಿನ ಗಂಜಿ ಥರ ಬೆಳ್ಳಗೆ, ಸ್ವಲ್ಪ ನಾರು ನಾರು. "ಇಷ್ಟಕ್ಕೆ ಇಷ್ಟೊಂದು ರಂಪಾನಾ?" ಅಂದರು ಅಜ್ಜ.

ಕಾಲಿಗೆ ಇಳಿಯುತ್ತಿದ್ದ ನೋವು ಮಾರನೇ ದಿನವೇ ಇರಲಿಲ್ಲ. ಶಕ್ತಿ ಮಾತ್ರ ಅಷ್ಟು ಬೇಗ ಬರಲಿಲ್ಲ. ಹಾಳಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಮೊಣಕಾಲಿನ ಕೆಳಗಿನ ತನಕ ಎಷ್ಟು ದೂರ, ಲೆಕ್ಕ ಹಾಕಿ. ಅಲ್ಲಿಯವರೆಗೆ ಪಾದ ಎತ್ತಿ ಹಿಡಿಯುವ ಪಟ್ಟಿ, ದಿನಾ ವ್ಯಾಯಾಮ.

ಈಗ ಸೊಂಟನೋವಿನವರು ಬಂದಾಗಲೆಲ್ಲ ಮೊದಲು ಹಿಮ್ಮಡಿ ಮೇಲೆ, ಆಮೇಲೆ ತುದಿಗಾಲಲ್ಲಿ ನಡೆಸುತ್ತೇನೆ. ಕೂರುವ ಜಾಗ ಮರಗಟ್ಟಿದೆಯಾ, ಮೂತ್ರ ಕಟ್ಟುತ್ತಿದೆಯಾ ಅಂತ ಮುಜುಗರ ಬಿಟ್ಟು ಕೇಳುತ್ತೇನೆ. ಹೌದು ಅಂದರೆ ವ್ಯಾಯಾಮದ ಮಾತೇ ಇಲ್ಲ, ಅದೇ ದಿನ ದೊಡ್ಡಾಸ್ಪತ್ರೆಗೆ.

ಅಜ್ಜ ಎಂಟು ತಿಂಗಳ ಮೇಲೆ ಒಮ್ಮೆ ಬಂದರು, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡು. ಪಾದ ಮುಕ್ಕಾಲು ಪಾಲು ಏಳುತ್ತಿತ್ತು. ಬರೀ ಚಪ್ಪಲಿ ಇನ್ನೂ ನಿಲ್ಲಲ್ಲವಂತೆ.