‘ಟು’ ಆದಮೇಲೆ ‘ಹಿಯರ್’ ಅಲ್ಲ, ‘ಹಿಯರಿಂಗ್’

ಕೆಲಸದ ಅರ್ಜಿಗಳಲ್ಲಿ, ಆಫೀಸಿನ ಮೇಲ್‌ಗಳಲ್ಲಿ ಕೊನೆಯ ಸಾಲು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ (ನಿಮ್ಮ ಉತ್ತರಕ್ಕೆ ಕಾಯ್ತಿದ್ದೀನಿ) ಅಂತಲೇ ಜಾಸ್ತಿ ಇರುತ್ತದೆ. ಅಲ್ಲಿ ‘ಹಿಯರಿಂಗ್’ ಬರಬೇಕು. ಉಳಿದದ್ದೆಲ್ಲ ಚೆನ್ನಾಗಿ ಬರೆಯುವವರು ಇಲ್ಲೊಂದು ಕಡೆ ಎಡವಿದಾಗ ನಿಜಕ್ಕೂ ಬೇಜಾರಾಗುತ್ತದೆ.

ಎಡವುವುದು ಸಹಜ ಬಿಡಿ. ‘ಟು ಗೋ’, ‘ಟು ಈಟ್’ ಅಂತ ಬಾಯಿಪಾಠ ಮಾಡಿದವರು ನಾವು. ‘ಟು’ ಕಂಡ ಕೂಡಲೇ ಕೈ ತಾನಾಗಿ ಬರೀ ಕ್ರಿಯಾಪದ ಬರೆದುಬಿಡುತ್ತದೆ. ಆದರೆ ಇಲ್ಲಿನ ‘ಟು’ ನಮ್ಮ ‘ಕ್ಕೆ’ ಇದ್ದ ಹಾಗೆ. ‘ಹಬ್ಬಕ್ಕೆ ಕಾಯ್ತಿದ್ದೀನಿ’ ಅನ್ನುತ್ತೇವೆ. ‘ನೀವು ಬರೋದಕ್ಕೆ ಕಾಯ್ತಿದ್ದೀನಿ’ ಅನ್ನುತ್ತೇವೆ. ‘ಬಾ’ ಅನ್ನುವುದಕ್ಕೆ ಸುಮ್ನೆ ‘ಕ್ಕೆ’ ಅಂಟಿಸುವುದಿಲ್ಲ, ಮೊದಲು ಅದನ್ನು ‘ಬರೋದು’ ಮಾಡಿಕೊಳ್ಳುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಇಂಗ್’.

ಅನುಮಾನ ಬಂದರೆ ‘ಟು’ ಮುಂದೆ ‘ಇಟ್’ ಹಾಕಿ ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೂರುತ್ತದೆ, ಹಾಗಾಗಿ ‘ಇಂಗ್’ ಬೇಕು. ‘ಐ ವಾಂಟ್ ಟು ಇಟ್’ ಅನ್ನಲಾಗದು, ಹಾಗಾಗಿ ಅಲ್ಲಿ ‘ಟು ಹಿಯರ್’ ಸರಿ.

‘ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’ಗೂ ಇದೇ ಲೆಕ್ಕ. ಬೇಗ ಏಳುವುದು ನನಗೆ ರೂಢಿ ಅಂತ ಅರ್ಥ. ‘ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ’ ಅಂದರೆ ಮಾತೇ ಬೇರೆ: ಮೊದಲು ಏಳುತ್ತಿದ್ದೆ, ಈಗಿಲ್ಲ.

ಅಂದಹಾಗೆ, ಅರ್ಜಿಗೆ ‘ಐ ಲುಕ್ ಫಾರ್ವರ್ಡ್’ ಗಂಭೀರವಾಗಿ ಒಪ್ಪುತ್ತದೆ. ಗೆಳೆಯರಿಗೆ ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಆಪ್ತವಾಗಿರುತ್ತದೆ. ಎರಡರಲ್ಲೂ ‘ಹಿಯರಿಂಗ್’ ಮಾತ್ರ ಬದಲಾಗುವುದಿಲ್ಲ.